ವಾಚಿನ ಹಿಂಬದಿ ಮುಚ್ಚಳ

ಸುಭದ್ರಾಬಾಯಿ ಡ್ರಾಯರನ್ನು ಇನ್ನೊಮ್ಮೆ ಎಳೆದರು. ಅದು ಅರ್ಧಕ್ಕೇ ಸಿಕ್ಕಿಕೊಂಡಿತು. ಕೈ ತೂರಿಸಿ ತಡವಿದರೆ ಸಿಕ್ಕಿದ್ದೆಲ್ಲ ಸಣ್ಣ ಸಣ್ಣ ಡಬ್ಬಿಗಳು. ಒಂದೊಂದರಲ್ಲೂ ಹಳೆಯ ಕೈಗಡಿಯಾರಗಳಿಂದ ಬಿಚ್ಚಿಟ್ಟ ಚಕ್ರ, ಸ್ಪ್ರಿಂಗು, ಕೆಲವುಗಳಲ್ಲಿ ಇಡೀ ಯಂತ್ರ. ಯಾವುದು ಯಾರದು ಎಂದು ಹೇಳಬಲ್ಲವರು ಒಬ್ಬರೇ ಇದ್ದರು, ಗಂಡ ವಿನಾಯಕರಾಯರು. ಅವರು ಆಚೆ ಹಾಲಿನಲ್ಲಿ, ಮೂಗಿನಲ್ಲಿ ಹತ್ತಿ ಇರಿಸಿಕೊಂಡು, ರಜನೀಗಂಧದ ಹಾರಗಳ ಕೆಳಗೆ ಮಲಗಿದ್ದರು.

"ಆಯಿ, ಏನ್ ಹುಡುಕಾಕತ್ತೀ?" ಮಗಳು ಪ್ರತೀಕ್ಷಾ ಬಾಗಿಲಲ್ಲಿ ನಿಂತಿದ್ದಳು. "ಗಾಡಿ ಬಂದದ. ಡ್ರೈವರ್ ಜಲ್ದಿ ಅಂತಿದ್ದಾನ. ಸುಡೂ ಘಾಟ್‌ನ್ಯಾಗ ಲೈನ್ ಅದ ಅಂತ."

"ಹತ್ತು ಮಿನಿಟು ನಿಲ್ಲಂತ ಹೇಳು."

ಬೆಳಗಿನಿಂದ ಅವರಿಗೆ ಅಳು ಬಂದಿರಲಿಲ್ಲ. ಅಳು ಬರಬೇಕಾದ ಜಾಗದಲ್ಲಿ ಈಗ ಅರ್ಧ ಗಂಟೆಯಿಂದ ಹೆದರಿಕೆ ಬಂದು ಕೂತಿತ್ತು.

ಅದನ್ನು ತಂದವರು ಪ್ರೊಫೆಸರ್ ರಾಮಕೃಷ್ಣ. ಸುದ್ದಿ ಕೇಳಿದೊಡನೆ ಊರಿನ ಆ ತುದಿಯ ಲೇಕ್ ಗಾರ್ಡನ್ಸ್‌ನಿಂದ ಈ ತುದಿಯ ಬಾರಾನಗರದವರೆಗೆ ಟ್ಯಾಕ್ಸಿ ಹಿಡಿದು ಬಂದಿದ್ದರು. ವಿನಾಯಕರಾಯರು ಮೂವತ್ಮೂರು ವರ್ಷ ಉಪಕರಣ ರಿಪೇರಿ ಮಾಡಿದ ಸಂಸ್ಥೆಯಲ್ಲೇ ಅವರು ಪಾಠ ಹೇಳುತ್ತಿದ್ದದ್ದು. ಹೆಣದ ಕಾಲು ಮುಟ್ಟಿ ಎದ್ದು, ಎಡಗೈಯ ಚಿನ್ನದ ಸ್ವಿಸ್ ವಾಚು ತೋರಿಸಿ ಹೇಳಿದ್ದರು: "ನಮ್ಮಪ್ಪನ ವಾಚು ಇವರ ಕೈ ಬಿಟ್ಟು ಇನ್ನೊಬ್ಬರ ಕೈ ನೋಡಿಲ್ಲಮ್ಮ. ಇನ್ನು ಬೇರೆ ರಿಪೇರಿಯವರಿಗೆ ಕೊಡಲ್ಲ. ಬುಧವಾರ ಸೀದಾ ಕಂಪನಿಯ ಸರ್ವಿಸ್ ಸೆಂಟರಿಗೇ ಕಳಿಸ್ತೀನಿ. ಮಗಳು ಮೈತ್ರಿ ಮದುವೇಲಿ ಅಳಿಯನಿಗೆ ಕೊಡೋಣ ಅಂತ."

ಕಂಪನಿಯವರು ಮೊದಲು ಮಾಡುವುದೇ ಹಿಂಬದಿ ಮುಚ್ಚಳ ತೆಗೆಯುವ ಕೆಲಸ.

*

ಇಪ್ಪತ್ತೆರಡು ವರ್ಷದ ಹಿಂದೆ ಇದೇ ಕಿಟಕಿಯ ಪಕ್ಕ, ಇದೇ ಮೇಜಿನ ಮುಂದೆ, ವಿನಾಯಕರಾಯರು ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿ ತೆಗೆದು ಹೆಂಡತಿಯನ್ನು ಕರೆದಿದ್ದರು.

"ಇಲ್ಲಿ ನೋಡು, ಪ್ರೊಫೆಸರರ ವಾಚು. ಕೇಸು ಖರೇ ಬಂಗಾರ. ಒಳಗಿನ ಮಷೀನ್ ಇದರದ್ದಲ್ಲ. ಯಾರೋ ಅಸಲು ತೆಗೆದು ಅಗ್ಗದ್ದೊಂದು ಕೂಡ್ಸ್ಯಾರ. ಹಳೇ ಕೆಲಸ."

ಸುಭದ್ರಾಬಾಯಿ ಬಗ್ಗಿ ನೋಡಿದ್ದರು. ಹಲ್ಲಿನ ಚಕ್ರಗಳು, ಕೂದಲೆಳೆಯಂಥ ಸುರುಳಿ. ಎಲ್ಲ ವಾಚಿನ ಹೊಟ್ಟೆಯೂ ಅವರಿಗೆ ಹಾಗೇ ಕಾಣುತ್ತಿತ್ತು. "ಹೇಳಿಬಿಡ್ರಿ ಅವರಿಗೆ," ಎಂದಿದ್ದರು.

"ಅವರ ಅಪ್ಪ ಹೋಗಿ ಇನ್ನೂ ಹದಿನೈದು ದಿನ ಆಗಿಲ್ಲ. ಮೂವತ್ತು ವರ್ಷ ಕೈಯಿಂದ ತಗದಿರಲಿಲ್ಲ ಅಂತ ಹೇಳಿ, ಆ ಕುರ್ಚಿಮ್ಯಾಲ ಕೂತು ಅತ್ತು ಹೋಗ್ಯಾರ. ಹ್ಯಾಂಗ ಹೇಳಲಿ?"

"ನಾಳೆ ಅಸಲು ಮಷೀನ್ ನೀವ ತಗದ್ರಿ ಅಂದ್ರ?"

ವಿನಾಯಕರಾಯರು ನಕ್ಕಿದ್ದರು. "ನಾ ಇರೂತನಕಾ ಇದನ್ನ ಇನ್ನೊಬ್ಬರು ಯಾಕ ಬಿಚ್ಚತಾರ?"

ಅಲ್ಲಿಂದ ಎರಡು ವರ್ಷಕ್ಕೊಮ್ಮೆ ಆ ವಾಚು ಮನೆಗೆ ಬರುತ್ತಿತ್ತು. ರಾಯರು ಬಿಚ್ಚಿ, ತೊಳೆದು, ಎಣ್ಣೆ ಬಿಟ್ಟು, ಸವೆದ ಚಕ್ರದ ಅಚ್ಚನ್ನು ತಾವೇ ಹೊಸದಾಗಿ ಮಾಡಿ ಹಾಕುತ್ತಿದ್ದರು. ಆ ಅಗ್ಗದ ಯಂತ್ರ ಒಂದು ದಿನವೂ ನಿಂತಿರಲಿಲ್ಲ.

*

ಆ ವಾಚಿನ ಬಗ್ಗೆ ರಾಯರು ಬರೆದಿಟ್ಟ ಒಂದು ಚೀಟಿಯೂ ಡ್ರಾಯರಿನಲ್ಲಿ ಸಿಗದೆ ಸುಭದ್ರಾಬಾಯಿ ಹಾಲಿಗೆ ಬಂದರು. ಸುಮ್ಮನಿದ್ದರೆ ಬುಧವಾರದವರೆಗೆ ನೆಮ್ಮದಿ. ಆಮೇಲೆ ಬರುವ ಮಾತಿಗೆ ಉತ್ತರ ಕೊಡಬೇಕಾದವರು ಬೂದಿಯಾಗಿರುತ್ತಾರೆ.

"ಸರ್, ಒಂದು ಮಾತು ಹೇಳೂದದರಿ. ಒಳಗ ಬರ್ರಿ."

"ಈಗಲೇನಮ್ಮಾ?"

"ಈಗ. ಅವರು ಮನ್ಯಾಗ ಇರೂತನಕಾನ ಹೇಳಬೇಕು."

ಮೇಜಿನ ಅಂಚು ಹಿಡಿದುಕೊಂಡು ಎಲ್ಲವನ್ನೂ ಹೇಳಿದರು. ರಾಮಕೃಷ್ಣ ಕೂರಲಿಲ್ಲ. ಅವರ ಬಲಗೈ ತಾನಾಗಿ ಎಡಗೈಯ ವಾಚನ್ನು ಮುಚ್ಚಿಕೊಂಡಿತು.

"ಬಿಚ್ಚಿ ನೋಡಿದಾಗ ಇನ್ಯಾರಿದ್ರು?"

"ನಾ ಒಬ್ಬಾಕಿನರಿ."

"ನೋಡಿದ್ರೆ ನಿಮಗೆ ತಿಳಿಯುತ್ತಾ? ಅಸಲು ಯಾವುದು, ಅಲ್ಲದ್ದು ಯಾವುದು?"

ಹೂಂ ಅನ್ನಬಹುದಿತ್ತು. ಗಂಟಲು ಅದಕ್ಕೆ ಸಿದ್ಧವೂ ಆಗಿತ್ತು. "ಇಲ್ಲರಿ," ಎಂದರು. "ಅವರು ಹೇಳಿದ್ದು ನಂಬೀನಿ."

ರಾಮಕೃಷ್ಣರ ಕಣ್ಣು ಅರ್ಧ ತೆರೆದ ಡ್ರಾಯರಿನ ಮೇಲೆ, ಡಬ್ಬಿಗಳ ಮೇಲೆ ಹೋಯಿತು. ಅದು ಹೋದದ್ದನ್ನು ಸುಭದ್ರಾಬಾಯಿ ನೋಡಿದರು. ಅವರಿಗೇ ಒಂದು ಕ್ಷಣ, ನಲವತ್ತೊಂದು ವರ್ಷದ ಸಂಸಾರದಲ್ಲಿ ಮೊದಲ ಬಾರಿಗೆ, ಒಂದು ಯೋಚನೆ ಬಂದುಹೋಯಿತು: ಆ ಅಸಲು ಯಂತ್ರ ಇದರೊಳಗೇ ಇದ್ದರೆ?

"ಅಂಕಲ್, ಬಾಬಾ ಯಾರದೂ ಯಾವತ್ತೂ…" ಬಾಗಿಲಲ್ಲಿದ್ದ ಪ್ರತೀಕ್ಷಾಳಿಗೆ ಮುಂದಿನ ಕನ್ನಡ ಸಿಗಲಿಲ್ಲ. ಇಂಗ್ಲಿಷೂ ಸಿಗಲಿಲ್ಲ.

"ವಾಚು ವಾಪಸ್ ಕೊಡುವಾಗ ಪ್ರತಿ ಸಲ ಒಂದೇ ಮಾತು ಹೇಳ್ತಿದ್ರು," ರಾಮಕೃಷ್ಣ ಮೆಲ್ಲಗೆ ಅಂದರು. "ನನ್ನ ಬಿಟ್ಟು ಯಾರ ಕೈಯಾಗೂ ಬಿಚ್ಚಲಿಕ್ಕೆ ಕೊಡಬ್ಯಾಡ್ರಿ ಅಂತ. ನಾನದನ್ನ ಕಸುಬಿನ ಅಭಿಮಾನ ಅಂದ್ಕೊಂಡಿದ್ದೆ."

ಅಷ್ಟು ಹೇಳಿ ಹಾಲಿಗೆ ನಡೆದರು.

"ಯಾಕ ಹೇಳಿದಿ ಆಯಿ? ಇವತ್ತ?" ಪ್ರತೀಕ್ಷಾಳ ದನಿ ಒಡೆದಿತ್ತು. ಗೋಡೆಯಾಚೆ ರಾಮಕೃಷ್ಣರ ಹೆಜ್ಜೆ ಕೇಳುತ್ತಿತ್ತು. ಅದು ಹೊರಬಾಗಿಲಿನವರೆಗೆ ಹೋಯಿತು, ನಿಂತಿತು. ಕೆಳಗೆ ಗಾಡಿಯವನು ಹಾರ್ನ್ ಒತ್ತಿದ.

ಮೂರನೇ ಮಹಡಿಯಿಂದ ಇಳಿಸಬೇಕಿತ್ತು, ಲಿಫ್ಟು ಸಣ್ಣದು. ಪಕ್ಕದ ಮನೆಯ ಇಬ್ಬರು ಬಂಗಾಳಿ ಗೃಹಸ್ಥರು ಚಟ್ಟದ ಮುಂದಿನ ಬಿದಿರು ಹಿಡಿದರು. ಪ್ರತೀಕ್ಷಾ ಹೋಗಿ ಹಿಂದಿನ ಒಂದು ತುದಿ ಹಿಡಿದಳು. ನಾಲ್ಕನೆಯದು ನೆಲದ ಮೇಲೇ ಇತ್ತು.

ರಾಮಕೃಷ್ಣ ಒಳಕೋಣೆಗೆ ತಿರುಗಿ ಬಂದರು. ಪಟ್ಟಿ ಬಿಚ್ಚಿ, ವಾಚನ್ನು ಸುಭದ್ರಾಬಾಯಿಯ ಕೈಗೆ ಕೊಟ್ಟರು.

"ಘಾಟಿಂದ ಬಂದ್ಮೇಲೆ ತೊಗೋತೀನಿ."

ಸುಭದ್ರಾಬಾಯಿ ಅದನ್ನು ಸೆರಗಿನ ತುದಿಯಲ್ಲಿ ಹಿಡಿದರು. "ಎಲ್ಲಿಡ್ಲಿರಿ?"

"ಅವರು ಎಲ್ಲಿಡ್ತಿದ್ರೋ ಅಲ್ಲೇ."

ಮೆಟ್ಟಿಲ ತಿರುವಿನಲ್ಲಿ ಚಟ್ಟ ಒಂದು ಕಡೆ ವಾಲಿತು. ನಾಲ್ಕನೆಯ ತುದಿ ಹಿಡಿದಿದ್ದ ರಾಮಕೃಷ್ಣ ಇನ್ನೊಂದು ಕೈಯನ್ನೂ ಕೊಟ್ಟು ಬಿದಿರನ್ನು ಹೆಗಲಿಗೆ ಒತ್ತಿಕೊಂಡರು. ಅಂಗಿಯ ತೋಳು ಹಿಂದೆ ಸರಿಯಿತು. ಬಿಸಿಲಿಗೆ ಕಪ್ಪಾದ ಮುಂಗೈಯಲ್ಲಿ ವಾಚಿದ್ದ ಕಡೆ ಎರಡು ಬೆರಳಗಲದ ಬಿಳೀ ಪಟ್ಟಿಯೊಂದು ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯಿತು.