ಡಾಕ್ಟ್ರಿಗೆ ಹೇಳಬಾರದ ಕತ್ತು

ಬಾಯಿ ಮುಚ್ಚಿಕೊಂಡಿರು ಎಂದು ಬದರಿನಾಥ ಬಾಯಲ್ಲಿ ಹೇಳಲಿಲ್ಲ, ಕಣ್ಣಲ್ಲೇ ಹೇಳಿದ. ಬೆಳಗ್ಗೆಯಿಂದ ವಾಂತಿ ಮಾಡಿಕೊಂಡು, ಸ್ವೀಡನ್ನಿನ ಸುಂಡ್‌ಬೀಬರ್ಯ್ ಊರಿನ ತಮ್ಮ ಮನೆಯಿಂದ ಟ್ಯಾಕ್ಸಿವರೆಗೆ ಗೋಡೆ ಹಿಡಿದು ಬಂದ ಗಂಡಸು, ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಮಲಗಿಯೂ ಹೆಂಡತಿಗೆ ಕಣ್ಣು ಬಿಡುತ್ತಾನಲ್ಲ! ಶೋಭನಾಗೆ ಮೈಯೆಲ್ಲ ಉರಿದುಹೋಯಿತು.

“ಬಿದ್ದಿರಾ? ಎಲ್ಲಾದರೂ ಏಟಾಯಿತಾ? ಈಚೆಗೆ ಬೇರೆ ಏನಾದರೂ?” ಡಾಕ್ಟರ್ ಕಾರಿನ್ ನಿಧಾನವಾದ ಇಂಗ್ಲಿಷಿನಲ್ಲಿ ಕೇಳಿದರು.

“ನೋ, ನೋ. ನಥಿಂಗ್,” ಎಂದ ಬದರಿನಾಥ.

ನಥಿಂಗಂತೆ! ಕತ್ತು ನೋವು, ಕತ್ತು ನೋವು ಎಂದು ವಾರವೆಲ್ಲ ಗೋಳಾಡಿ, ಮೊನ್ನೆ ಪಕ್ಕದೂರು ಸೋಲ್ನಾದಲ್ಲಿ ಕೈರೋಪ್ರಾಕ್ಟರ್ ಎಂಬ ಮೂಳೆ ಸರಿಮಾಡುವವನ ಹತ್ತಿರ ಹೋಗಿ ಮೂಳೆ ತಿರುಗಿಸಿಕೊಂಡು ಬಂದದ್ದು ಯಾರು? ಕತ್ತು ಲಟಕ್ಕೆಂದ ಪರಿಯನ್ನು ಸಾರನ್ನದ ಮುಂದೆ ಕೂತು ಬಾಯಲ್ಲೇ ಸದ್ದು ಮಾಡಿ ತೋರಿಸಿದ್ದು ಯಾರು? ಮರುದಿನ ಬಲಗಡೆ ತಲೆಯ ಹಿಂದೆ ಸಿಡಿತ. ಇವತ್ತು ಈ ಅವಸ್ಥೆ.

ಈ ಮುಚ್ಚಿಡುವ ಕಾಯಿಲೆಗೆ ಮೂಲ ಅವಳ ಅತ್ತೆಮನೆ. ಬದರಿನಾಥ ಹುಡುಗನಾಗಿದ್ದಾಗ ಸೈಕಲ್ಲಿನಿಂದ ಬಿದ್ದು ಮಣಿಕಟ್ಟು ಮುರಿದುಕೊಂಡ. ಮನೆಯವರು ಮೊದಲು ನಾಟಿ ವೈದ್ಯರ ಹತ್ತಿರ ಎಣ್ಣೆಪಟ್ಟಿ ಕಟ್ಟಿಸಿ, ಊದಿಕೊಂಡ ಮೇಲೆ ಇಂಗ್ಲಿಷ್ ಡಾಕ್ಟರ ಹತ್ತಿರ ಓಡಿದರು. ಆ ಮಹಾನುಭಾವ ಇಡೀ ಆಸ್ಪತ್ರೆ ಕೇಳುವ ಹಾಗೆ ತಾಯಿ ಮಗ ಇಬ್ಬರಿಗೂ ಮಂಗಳಾರತಿ ಎತ್ತಿದ. ಅಂದಿನಿಂದ ಆ ಮನೆಯಲ್ಲಿ ಒಂದು ಕಟ್ಟಳೆ: ಕಷಾಯವೋ ಪಟ್ಟಿಯೋ, ಏನು ಮಾಡಿಸಿಕೊಂಡರೂ ಡಾಕ್ಟರ ಮುಂದೆ ಉಸಿರೆತ್ತಬಾರದು. ಮಗ ಸ್ವೀಡನ್ನಿಗೆ ಬಂದ, ಕಟ್ಟಳೆಯೂ ಜೊತೆಗೆ ಬಂತು!

“ವಾಂತಿಯ ಸೋಂಕು ಈಗ ಊರೆಲ್ಲ ಹಬ್ಬಿದೆ. ಅದೇ ಇರಬಹುದು,” ಎಂದರು ಕಾರಿನ್. “ಮನೆಗೆ ಹೋಗಿ ನೀರು ಕುಡಿದು ವಿಶ್ರಾಂತಿ ತೆಗೆದುಕೊಳ್ಳಿ. ಒಂದು ಮಾತ್ರೆ ಕೊಡಿಸುತ್ತೇನೆ.” ಹಾಗೆಂದು ಪರದೆ ಸರಿಸಿ ಹೊರಗೆ ಹೋದರು.

“ರೀ, ಕತ್ತಿನ ವಿಷಯ ಹೇಳ್ರೀ. ಎರಡೆರಡು ಕಾಣ್ತಿದೆ ಅಂತ ಟ್ಯಾಕ್ಸೀಲಿ ಅಂದ್ರಲ್ಲ, ಅದನ್ನೂ ಹೇಳಿ.”

“ಸುಮ್ನಿರೇ. ಇವ್ರಿಗೆಲ್ಲ ಅದು ಕಂಡ್ರೆ ಆಗಲ್ಲ. ಬೈತಾರೆ.”

“ಬೈದ್ರೆ ಬೈಸ್ಕೊಳ್ಳಿ! ತಲೆ ನೆಟ್ಟಗೆ ನಿಲ್ತಿಲ್ಲ, ಇದ್ರಲ್ಲಿ ಮರ್ಯಾದೆ ಬೇರೆ ಕೇಡು!”

“ಆ ಕೈರೋಪ್ರಾಕ್ಟರೂ ಲೈಸೆನ್ಸ್ ಇರೋ ಮನುಷ್ಯ ಕಣೇ. ಪಾಪ, ಅವನ ಹೊಟ್ಟೆ ಮೇಲೆ ಯಾಕೆ ಹೊಡೀಬೇಕು?” ಎನ್ನುತ್ತ ಬದರಿನಾಥ ಪಕ್ಕದ ನೀರಿನ ಲೋಟಕ್ಕೆ ಬಲಗೈ ಚಾಚಿದ. ಕೈ ಲೋಟವನ್ನು ದಾಟಿ ಎಲ್ಲೋ ಹೋಯಿತು. ಮತ್ತೆ ಚಾಚಿದ. ಲೋಟ ಉರುಳಿ ನೀರೆಲ್ಲ ನೆಲದ ಪಾಲಾಯಿತು. ಅವನು ತನ್ನ ಕೈಯನ್ನು ಬೇರೆ ಯಾರದೋ ಎಂಬಂತೆ ನೋಡಿದ.

ಶೋಭನಾಗೆ ಇನ್ನು ಇವರನ್ನು ಕೇಳಿಕೊಂಡು ಕೂತರೆ ಗಂಡನನ್ನು ಕಳೆದುಕೊಳ್ಳುತ್ತೇನೆ ಅನ್ನಿಸಿತು. ಓಡಿಹೋಗಿ ಹಜಾರದಲ್ಲಿ ಕಾರಿನ್ ಅವರ ತೋಳನ್ನೇ ಹಿಡಿದು ನಿಲ್ಲಿಸಿದಳು.

“ಸುಳ್ಳು ಹೇಳಿದರು ಡಾಕ್ಟರ್. ಮೊನ್ನೆ ಕೈರೋಪ್ರಾಕ್ಟರ್ ಹತ್ತಿರ ಕತ್ತು ತಿರುಗಿಸಿಕೊಂಡಿದ್ದಾರೆ. ಈಗ ಎಲ್ಲ ಎರಡೆರಡು ಕಾಣುತ್ತಂತೆ. ಕೈ ಹೇಳಿದ ಮಾತು ಕೇಳುತ್ತಿಲ್ಲ.”

ಕಾರಿನ್ ಮಾತ್ರೆಯ ಮಾತನ್ನು ಮತ್ತೆ ಎತ್ತಲಿಲ್ಲ. ಎರಡೇ ಹೆಜ್ಜೆಗೆ ಒಳಗೆ ಬಂದು ಕಣ್ಣಿಗೆ ಬೆಳಕು ಬಿಟ್ಟರು, ಬೆರಳಿಂದ ಮೂಗು ಮುಟ್ಟಿಸಿದರು, ಯಾರನ್ನೋ ಕೂಗಿ ಕರೆದರು. ಮಂಚ ಚಕ್ರದ ಮೇಲೆ ಸ್ಕ್ಯಾನಿಗೆ ಹೊರಟಿತು.

ಕತ್ತಿನಿಂದ ಮಿದುಳಿಗೆ ಹೋಗುವ ರಕ್ತನಾಳದ ಒಳಪದರ ಹರಿದಿತ್ತು. ಅಲ್ಲಿ ಹೆಪ್ಪುಗಟ್ಟಿದ ರಕ್ತದ ಚೂರೊಂದು ಮಿದುಳಿನ ಹಿಂಭಾಗಕ್ಕೆ ಹೋಗಿ ಕೂತಿತ್ತು. ರಕ್ತ ಹೆಪ್ಪುಗಟ್ಟದಂತೆ ಔಷಧ ಶುರುವಾಯಿತು. ಮನೆಗೆ ಕಳಿಸಿದ್ದರೆ ಕಷ್ಟವಿತ್ತು ಎಂದರು ಕಾರಿನ್.

“ಕತ್ತು ತಿರುಗಿಸಿದ್ದರಿಂದಲೇ ಆಯಿತಾ?” ಶೋಭನಾಗೆ ಹೌದು ಎಂಬ ಒಂದೇ ಮಾತು ಬೇಕಿತ್ತು.

“ಹೇಳಲಾಗದು. ಇದು ತೀರಾ ಅಪರೂಪ. ಮೊದಲೇ ಹರಿಯಲು ಶುರುವಾಗಿ, ಆ ನೋವಿಗೆಂದೇ ಅವರು ಅಲ್ಲಿಗೆ ಹೋಗಿರಬಹುದು. ತಿರುಗಿಸಿದ್ದರಿಂದ ಹರಿದಿರಲೂಬಹುದು.”

ಇದೆಂಥ ಉತ್ತರ! ಹಾಗಾದರೆ ತಾನು ಬೈಯಬೇಕಾದದ್ದು ಯಾರನ್ನು?

ಕಾರಿನ್ ಬದರಿನಾಥನ ಕಡೆ ತಿರುಗಿದರು. “ತಲೆ ಸುತ್ತಿದರೆ ಏನು ಮಾಡಬೇಕೆಂದು ಆ ಕೈರೋಪ್ರಾಕ್ಟರ್ ಹೇಳಿರಲಿಲ್ಲವೇ?”

ಬದರಿನಾಥ ಚಾವಣಿ ನೋಡಿದ. “ಹೇಳಿದ್ದರು. ಕೂಡಲೇ ಆಸ್ಪತ್ರೆಗೆ ಹೋಗಿ, ಕತ್ತಿನ ವಿಷಯವನ್ನೇ ಮೊದಲು ಹೇಳಿ ಅಂದಿದ್ದರು.”

ಕಾರಿನ್ ತಲೆಯಾಡಿಸಿ, “ಈಗ ಗೊತ್ತಾಯಿತಲ್ಲ, ಒಳ್ಳೆಯದಾಯಿತು,” ಎಂದು ಮುಂದಿನ ರೋಗಿಯ ಕಡೆ ಹೋದರು.

“ನೋಡಿದ್ಯಾ ಶೋಭಾ,” ಎಂದ ಬದರಿನಾಥ. ಮಾತು ತೊದಲುತ್ತಿತ್ತು. “ಅವ್ರು ಬೈಲೇ ಇಲ್ಲ.”

“ಅವ್ರು ಯಾಕ್ರೀ ಬೈತಾರೆ? ಅವ್ರೇನು ನಿಮ್ಮ ಜೊತೆ ಬಾಳ್ಬೇಕಾ?”

ಬೆಳಗ್ಗೆಯಿಂದ ಗಂಟಲಲ್ಲಿ ಹಿಡಿದಿಟ್ಟದ್ದೆಲ್ಲ ಒಮ್ಮೆಲೇ ಹೊರಗೆ ಬಂತು. ಮುರಿದ ಮಣಿಕಟ್ಟಿನಿಂದ ಹಿಡಿದು ಲಟಕ್ಕಿನವರೆಗೆ ಒಂದನ್ನೂ ಬಿಡದೆ, ಪಕ್ಕದ ಪರದೆಯವರು ಇಣುಕಿ ನೋಡುವ ಹಾಗೆ ಬೈದಳು. ಬೈಯುತ್ತ ಬೈಯುತ್ತಲೇ ಅಳು ಬಂತು, ಅಳುತ್ತಲೂ ಬೈದಳು. ಬದರಿನಾಥ ದಾರಿ ತಪ್ಪುವ ಆ ಬಲಗೈಯನ್ನು ಅವಳತ್ತ ಚಾಚಿದ. ಅದು ಎಲ್ಲೋ ಗಾಳಿಯಲ್ಲಿ ತಡಕಾಡತೊಡಗಿದಾಗ ಅವಳೇ ಹೋಗಿ ಹಿಡಿದುಕೊಂಡಳು.