ರಾಣಿಯ ರಾಗಿ ಬಿಸ್ಕೆಟ್ಟು

ನಾಯಿಗೆ ಬಿಸ್ಕೆಟ್ಟು ಮಾಡುತ್ತಾಳೆಂದು ಶಿಡ್ಲಘಟ್ಟದ ಅರ್ಧ ಊರು ಅಖ್ತರಿಯನ್ನು ನೋಡಿ ನಗುತ್ತಿತ್ತು. ನಗಲಿ, ಹಲ್ಲು ಅವರದು. ಆದರೆ ಈ ನಗುವವರಲ್ಲಿ ಒಬ್ಬರಾದರೂ ಬಂದು ಯಾಕಮ್ಮಾ ಮಾಡುತ್ತೀ ಎಂದು ಕೇಳಿದ್ದರೆ ಅವಳಿಗೆ ಅಷ್ಟು ಉರಿಯುತ್ತಿರಲಿಲ್ಲ.

ಅವಳ ಗಂಡ ಸಾದಿಕ್ ಪಾಷಾನದು ರೇಷ್ಮೆ ನೂಲು ತೆಗೆಯುವ ಪುಟ್ಟ ಶೆಡ್ಡು, ನಾಲ್ಕೇ ಬೇಸಿನ್ನು. ಗೂಡು ಬೇಯಿಸಿ ನೂಲು ಬಿಚ್ಚಿದ ಮೇಲೆ ಉಳಿಯುವ ಹುಳುವನ್ನು ಅಂಗಳದಲ್ಲಿ ರಾಶಿ ಹಾಕುತ್ತಿದ್ದರು. ಶೆಡ್ಡು ಕಾಯುವ ನಾಯಿ ರಾಣಿ ಆರು ವರ್ಷ ಆ ರಾಶಿಯಲ್ಲೇ ಮೂತಿಯಿಟ್ಟು ತಿಂದಿತು. ಹುಳುವೆಂದರೆ ಬರೀ ಕೊಬ್ಬು. ಎಂಬತ್ತೆಂಟರ ಬೇಸಿಗೆಯಲ್ಲಿ ಅದರ ಹೊಟ್ಟೆ ಊದಿ, ಕಣ್ಣು ಅರಿಶಿನ ಬಳಿದ ಹಾಗಾಯಿತು. ಚಿಕ್ಕಬಳ್ಳಾಪುರದ ದನದ ಡಾಕ್ಟರು ವೆಂಕಟರವಣಪ್ಪ ಹದಿನೈದು ದಿನ ಸೂಜಿ ಚುಚ್ಚಿ ಉಳಿಸಿದರು.

"ನೋಡಮ್ಮಾ, ಈವಮ್ಮನ ಲಿವರ್ರು ಅರ್ಧ ಹೋಗೈತೆ," ಎಂದಿದ್ದರು. "ಹುಳ ಬೇಡ, ತುಪ್ಪ ಬೇಡ, ಸಕ್ಕರೆ ಬೆಲ್ಲ ಬೇಡ. ಇನ್ನೊಂದ್ ಸಲ ಹಿಂಗಾದ್ರೆ ನನ್ನತ್ರ ತರಬೇಡ, ಗುಂಡಿ ತೋಡ್ಸು."

ಅಂದಿನಿಂದ ಅಖ್ತರಿ ಹುಳುವಿನ ರಾಶಿಗೆ ಮುಳ್ಳಿನ ಬೇಲಿ ಹಾಕಿಸಿದಳು. ರಾಗಿಹಿಟ್ಟಿಗೆ ಬೇಯಿಸಿದ ಸಿಹಿಗುಂಬಳ ಕಿವುಚಿ, ಮೊಟ್ಟೆಯ ಬಿಳಿ ಹಾಕಿ, ಉಪ್ಪು ಸೋಕಿಸದೆ ನಾದಿ ವಾರವಾರ ಬಿಸ್ಕೆಟ್ಟು ತಟ್ಟತೊಡಗಿದಳು. ಒಂದು ವಾರ ಕುಂಬಳದ ಬೀಜ ಬಿಸಾಡಲು ಮನಸ್ಸಾಗದೆ ಒಂದೊಂದರ ಮೇಲೆ ಒಂದೊಂದು ಬೀಜ ಒತ್ತಿದಳು. ನೋಡಲು ಚೆನ್ನಾಗಿರಲಿ ಎಂದು, ಅಷ್ಟೇ. ನಾಯಿಯಾದರೇನು, ಅದಕ್ಕೆ ಕಣ್ಣಿಲ್ಲವೇ?

ಸುಡುವುದಕ್ಕೆ ಕೊಂಡಪ್ಪನ ಬೇಕರಿ. ಊರಿನ ಹೆಂಗಸರು ಹಬ್ಬಕ್ಕೋ ಬೀಗರ ಉಪಚಾರಕ್ಕೋ ಮನೆಯಲ್ಲೇ ಖತಾಯಿ ಬಿಸ್ಕೆಟ್ಟು ತಟ್ಟಿ, ಗುರುವಾರ ಸಂಜೆ ಅವನ ತಗಡಿನ ತಟ್ಟೆಯಲ್ಲಿ ಜೋಡಿಸಿ ಕೊಟ್ಟು, ಶುಕ್ರವಾರ ತರುವ ರೂಢಿ. ಚೀಟಿ ಗೀಟಿ ಏನಿಲ್ಲ. ಒಂದು ಮನೆಯವರು ಫೋರ್ಕಿನ ಗೆರೆ ಎಳೆಯುತ್ತಾರೆ, ಇನ್ನೊಂದು ಮನೆಯವರು ಬೀಗದ ಕೈ ಒತ್ತುತ್ತಾರೆ. ಕೊಂಡಪ್ಪ ಗುರುತು ನೋಡಿಯೇ ಯಾರ ತಟ್ಟೆ ಎಂದು ಹೇಳುತ್ತಿದ್ದ. ನೂಲು ತೆಗೆಸುವ ದೊಡ್ಡ ರೀಲರು ಮೆಹಬೂಬ್ ಪಾಷಾನ ಹೆಂಡತಿ ದಿಲ್ಷಾದ್ ಬೇಗಂ ಮಾತ್ರ ಪ್ರತಿ ಖತಾಯಿಯ ಮೇಲೂ ಗೋಡಂಬಿ ಕೂರಿಸುತ್ತಿದ್ದಳು.

ಆ ವಾರದ ಶುಕ್ರವಾರ ಸಾದಿಕ್ ಪಾಷಾ ಬೇಕರಿಯಿಂದ ಬಟ್ಟೆ ಮುಚ್ಚಿದ ತಟ್ಟೆ ತಂದು, ಊಟಕ್ಕೆ ಮೊದಲು ರಾಣಿಯ ಮುಂದೆ ಎಂಟು ಬಿಸ್ಕೆಟ್ಟು ಸುರಿದ. ತುಪ್ಪದ ಘಮ ಅವನಿಗೆ ತಿಳಿಯಲಿಲ್ಲ. ಮೂವತ್ತು ವರ್ಷ ಬೆಂದ ಹುಳುವಿನ ವಾಸನೆ ಕುಡಿದ ಮೂಗು ಅದು. ನಾಲ್ಕು ಗಂಟೆಗೆ ರಾಣಿ ವಾಂತಿ ಮಾಡಿಕೊಂಡು ಗೋಡೆಗೆ ಒರಗಿತು. ಅಖ್ತರಿ ತಟ್ಟೆಯಲ್ಲಿದ್ದ ಒಂದನ್ನು ಮುರಿದು ನಾಲಿಗೆಗೆ ಇಟ್ಟಳು. ಬೆಲ್ಲ, ತುಪ್ಪ, ಏಲಕ್ಕಿ.

"ಏನ್ರೀ, ಕಣ್ಣಾದ್ರೂ ಐತಾ ನಿಮಗೆ?" ಎಂದಳು ಗಂಡನಿಗೆ. ಉತ್ತರ ಕೇಳಲು ನಿಲ್ಲಲಿಲ್ಲ.

ಕೊಂಡಪ್ಪ ಒಲೆಯ ಬೂದಿ ಎಳೆಯುತ್ತಿದ್ದ. "ಬೀಬಮ್ಮಾ, ತಟ್ಟೆ ಎರಡೂ ಕಂದು ಬಣ್ಣ. ಒಂದರ ಮೇಲೆ ಬೀಜ ಐತೆ, ಒಂದು ಬೋಳು. ಬೀಜ ಇರೋದು ಬೇಗಮ್ಮನೋರ್ದು, ಬೋಳು ನಾಯಿದು ಅಂದ್ಕೊಂಡೆ. ನಾಯಿದಕ್ಕೆ ಯಾರಮ್ಮಾ ಬೀಜ ಇಕ್ತಾರೆ?"

"ನಾನು ಇಕ್ತೀನಿ. ಅಷ್ಟು ದೊಡ್ಡ ಮನೆಯೋರು ಗೋಡಂಬಿ ಯಾಕೆ ಇಕ್ಕಿಲ್ಲ, ಅದನ್ನ ಕೇಳು."

"ರೇಟು ಜಾಸ್ತಿ ಆಗೈತಂತೆ," ಎಂದ ಕೊಂಡಪ್ಪ, ತಲೆ ಎತ್ತದೆ.

ಅಖ್ತರಿ ದಿಲ್ಷಾದ್ ಬೇಗಂ ಮನೆಗೆ ಬರುವ ಹೊತ್ತಿಗೆ ಚಿಂತಾಮಣಿಯಿಂದ ಬಂದಿದ್ದ ಅವಳ ಬೀಗರು ಚಹಾ ಮುಗಿಸಿ ಹೊರಟುಹೋಗಿದ್ದರು. ಮೇಜಿನ ಮೇಲಿನ ಬಸಿಯಲ್ಲಿ ರಾಣಿಯ ಬಿಸ್ಕೆಟ್ಟು ಎರಡೇ ಎರಡು ಉಳಿದಿದ್ದವು. ಅಖ್ತರಿ ಅವನ್ನು ತೋರಿಸಿ ಆದದ್ದನ್ನು ಆದ ಹಾಗೆ ಹೇಳಿದಳು. ದಿಲ್ಷಾದ್ ಬೇಗಂ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕುರ್ಚಿಯಲ್ಲಿ ಕುಸಿದಳು.

"ಯಾ ಅಲ್ಲಾ. ನನ್ನ ಬೀಗರಿಗೆ ನಾಯಿ ತಿಂಡಿ ತಿನ್ನಿಸಿದ್ಯಲ್ಲೇ ಅಖ್ತರಿ."

"ರಾಗಿ, ಕುಂಬಳಕಾಯಿ, ಮೊಟ್ಟೆ ಆಪಾ. ನಿನ್ನ ಬೀಗರು ಸಾಯಲ್ಲ. ನಿನ್ನ ಖತಾಯಿ ತಿಂದು ನನ್ನ ರಾಣಿ ಸಾಯ್ತಾ ಐತೆ."

"ಒಂದು ನಾಯಿಗೋಸ್ಕರ ನನ್ನ ಮನೆಗೆ ಬಂದು ಕೂಗಾಡ್ತಿಯಾ? ಈ ಮಾತು ಚಿಂತಾಮಣಿಗೆ ಮುಟ್ಟಿದ್ರೆ ನನ್ನ ಮಗಳು ಆ ಮನೇಲಿ ತಲೆ ಎತ್ತಂಗಿಲ್ಲ. ಬಾಯಿ ಬಿಡಲ್ಲ ಅಂತ ಹೇಳು."

ಅಖ್ತರಿಗೆ ಅಡಿಯಿಂದ ಮುಡಿಯವರೆಗೆ ಬೆಂಕಿ ಹತ್ತಿತು. ಜೀವ ಹೋಗುತ್ತಿರುವುದು ಅಲ್ಲಿ, ಮಾನದ ಲೆಕ್ಕ ಇಲ್ಲಿ. "ಬಾಯಿ ಬಿಡಲ್ಲ," ಎಂದಳು. "ಚಿಕ್ಕಬಳ್ಳಾಪುರದ ಬಸ್ಸಲ್ಲಿ ನಾಯೀನ ಹತ್ತಿಸಲ್ಲ. ನಿನ್ನ ಕಾರು ತೆಗೆಸು. ನೀನೂ ಬಾ."

"ನಾನ್ಯಾಕೆ?"

"ತಲೆ ಹಿಡ್ಕೊಳೋಕೆ ಒಬ್ರು ಬೇಕು. ಕಾಲು ನಾನು ಹಿಡೀತೀನಿ."

ಬಿಳಿ ಸೀಟು ಕವರಿನ ಅಂಬಾಸಿಡರಿನಲ್ಲಿ ಗೋಣಿಚೀಲ ಹಾಸಿ ರಾಣಿಯನ್ನು ಮಲಗಿಸಿದರು. ದಿಲ್ಷಾದ್ ಬೇಗಂ ಕೈಗೆ ಟವಲು ಸುತ್ತಿಕೊಂಡು, ಮುಖ ಕಿಟಕಿಗೆ ತಿರುಗಿಸಿ, ಅದರ ತಲೆ ಹಿಡಿದಳು. ಅರ್ಧ ದಾರಿಯಲ್ಲಿ ರಾಣಿ ಮತ್ತೆ ವಾಂತಿ ಮಾಡಿತು, ಬಿಳಿ ಕವರಿನ ಮೇಲೆಯೇ. ದಿಲ್ಷಾದ್ ಬೇಗಂ ಅಖ್ತರಿಯ ಮುಖ ನೋಡಿ, ಟವಲಿನ ತುದಿಯಿಂದ ಅದರ ಮೂತಿ ಒರೆಸಿದಳು.

ವೆಂಕಟರವಣಪ್ಪ ಮನೆಯ ಜಗುಲಿಯಲ್ಲೇ ರಾಣಿಗೆ ಗ್ಲೂಕೋಸ್ ಬಾಟಲಿ ತೂಗುಹಾಕಿ, ಎರಡು ಸೂಜಿ ಕೊಟ್ಟರು. ಆಮೇಲೆ ಅಖ್ತರಿಯ ಮೇಲೆ ರೇಗಿದರು.

"ಅಷ್ಟು ಹೇಳಿದ್ದೆ. ತುಪ್ಪದ್ದು ಯಾವಳಮ್ಮಾ ತಿನ್ಸಿದ್ದು?"

ಅಖ್ತರಿ ಬಾಯಿ ಬಿಡುವುದಿಲ್ಲವೆಂದು ಮಾತು ಕೊಟ್ಟಿದ್ದಳು. ತಪ್ಪಿಲ್ಲದೆ ಬೈಸಿಕೊಳ್ಳುವುದು ಅವಳ ಜಾಯಮಾನವೇ ಅಲ್ಲ, ಕಣ್ಣಲ್ಲಿ ನೀರೇ ಬಂತು.

"ಅವಳ್ದೇನಿಲ್ಲ ಡಾಕ್ಟ್ರೇ," ಎಂದಳು ದಿಲ್ಷಾದ್ ಬೇಗಂ, ನೆಲ ನೋಡುತ್ತ. "ನಮ್ಮ ಮನೇದು. ತಟ್ಟೆ ಅದಲು ಬದಲಾಯ್ತು."

"ಹಂಗಾದ್ರೆ ಇದರದು ನಿಮ್ಮ ಮನೆಗೆ ಬಂತಾ?"

ದಿಲ್ಷಾದ್ ಬೇಗಂ ಬಾಟಲಿಯ ಹನಿ ಎಣಿಸತೊಡಗಿದಳು. ಬಾಟಲಿ ಮುಗಿಯುವ ಹೊತ್ತಿಗೆ ರಾಣಿ ಕಣ್ಣು ತೆರೆದು ಬಾಲವನ್ನು ಒಂದು ಸಲ ನೆಲಕ್ಕೆ ಬಡಿಯಿತು. ಈ ಸಲ ಗುಂಡಿ ತೋಡುವುದು ಬೇಡ ಎಂದರು ಡಾಕ್ಟರು.

ಹಿಂದಿರುಗುವ ದಾರಿಯಲ್ಲಿ ರಾಣಿಯ ತಲೆ ದಿಲ್ಷಾದ್ ಬೇಗಂ ತೊಡೆಯ ಮೇಲೆಯೇ ಇತ್ತು, ಟವಲು ಎಲ್ಲೋ ಜಾರಿಬಿದ್ದಿತ್ತು. ಊರು ಹತ್ತಿರವಾದಾಗ ಅವಳು ಅಖ್ತರಿಯ ಕಡೆ ತಿರುಗಿದಳು.

"ಅಖ್ತರಿ. ದೊಡ್ಡ ಬೀಗರಿಗೆ ಸಕ್ಕರೆ ಕಾಯಿಲೆ. ಸಿಹಿ ಇಲ್ದೆ ಇಷ್ಟು ಚೆನ್ನಾಗಿರೋ ಬಿಸ್ಕೆಟ್ಟು ತಿಂದೇ ಇಲ್ಲ ಅಂದ್ರು. ಮುಂದಿನ ವಾರ ಎರಡು ಕೇಜಿ ಕಳಿಸಿ ಅಂತ ಹೇಳಿ ಹೋಗವ್ರೆ."

ಅಖ್ತರಿ ರಾಣಿಯ ಕಾಲುಗಳನ್ನು ಮಡಿಲಿಗೆ ಇನ್ನಷ್ಟು ಎಳೆದುಕೊಂಡಳು.

"ಮೊದಲು ಇವಳಿಗೆ ಮಾಡ್ತೀನಿ," ಎಂದಳು. "ಹಿಟ್ಟು ಉಳಿದ್ರೆ ನಿನ್ನ ಬೀಗರಿಗೆ ನೋಡಣ."