ಕೋಚ್ ಇಲ್ಲದ ಪಂದ್ಯ

ನಮ್ಮ ಬೀಗದ ಕಾರ್ಖಾನೆಗೆ ಬಂದ ಹೊಸ ಮ್ಯಾನೇಜರ್‌ಗೆ ಏನನ್ನಾದರೂ ಅಳೆಯದೆ ಊಟ ಸೇರುತ್ತಿರಲಿಲ್ಲ. ಬಂದ ತಿಂಗಳಲ್ಲೇ ಕ್ಯಾಂಟೀನಿನ ಲೋಟ ಅಳೆದ, ನಾವು ಕೈ ತೊಳೆಯುವ ಹೊತ್ತು ಅಳೆದ. ಆಮೇಲೆ ಕಾರ್ಖಾನೆಯ ಹಾಕಿ ತಂಡದ ಮೇಲೆ ಅವನ ಕಣ್ಣು ಬಿತ್ತು. "ಆಡೋರು ಹನ್ನೊಂದು ಜನ. ಹೊರಗೆ ನಿಂತು ಕಿರುಚೋನಿಂದ ಆಟಕ್ಕೆ ಎಷ್ಟು ಲಾಭ?" ಎಂದು ಕೇಳಿದ.

ಅದಕ್ಕೆ ಅವನೇ ಒಂದು ಪರೀಕ್ಷೆ ಇಟ್ಟ. ಬಿಸ್ಕತ್ತು ಕಾರ್ಖಾನೆಯವರ ಜೊತೆ ಒಂದು ಪಂದ್ಯ, ಕೋಚ್ ಗೇಟಿನ ಹೊರಗೆ. ನಾವು ಗೆದ್ದರೆ ಕೋಚ್ ಬೇಡ ಎಂದರ್ಥ. ಮರುದಿನದಿಂದ ಅವರು ಪ್ಯಾಕಿಂಗ್ ವಿಭಾಗಕ್ಕೆ. ಗೆಲ್ಲದಿದ್ದರೆ ಕೋಚ್ ಆಗಿಯೇ ಇರಬಹುದು. ಪ್ಯಾಕಿಂಗ್ ಎಂದರೆ ಎಂಟು ಗಂಟೆ ನಿಂತೇ ಇರಬೇಕು. ನಮ್ಮ ಕೋಚಿಗೆ ಐವತ್ತಾರು ವರ್ಷ, ಬಲಮಂಡಿ ಇದ್ದೂ ಇಲ್ಲದ ಹಾಗೆ.

ನಾನು ಗೋಲ್‌ಕೀಪರ್. ಆರು ವರ್ಷ ನನ್ನ ಪ್ರಾಣ ತಿಂದವರು ಅವರು. ದಿನಾ ಬೆಳಗ್ಗೆ ಎಡಗಡೆಗೆ ಇನ್ನೂರು ಚೆಂಡು. "ನಿನ್ನ ತಲೆ ನಿಧಾನ ಕಣಯ್ಯ. ಯೋಚನೆ ಮಾಡ್ಬೇಡ, ಕಾಲು ಹಾಕು!" ನನ್ನ ಮದುವೆಯ ಮರುದಿನವೂ ಬಿಡಲಿಲ್ಲ. ನಾನು ಅವರನ್ನು ಬೈಯದ ದಿನವಿಲ್ಲ. ಆದರೆ ಪ್ಯಾಕಿಂಗಿಗೆ ಹಾಕುತ್ತಾರೆ ಎಂದಾಗ ಬೈದದ್ದು ಮ್ಯಾನೇಜರ್‌ನನ್ನು, ಸುಳ್ಳು ಯಾಕೆ ಹೇಳಲಿ.

ಗೆಲ್ಲಬಾರದು ಎಂದು ಎಲ್ಲರೂ ಒಪ್ಪಿದೆವು. ತಂಡದ ನಾಯಕ ನನ್ನ ಹೆಂಡತಿಯ ತಮ್ಮ. ಮನೆಗೇ ಬಂದು ಪಾಠ ಹೇಳಿಕೊಟ್ಟ.

"ಭಾವ, ನಾವ್ಯಾರೂ ಗೋಲು ಹೊಡೆಯಲ್ಲ. ನೀವು ಒಂದೇ ಒಂದು ಬಿಟ್ಬಿಡಿ, ಸಾಕು."

"ಅಷ್ಟೂ ಗೊತ್ತಾಗಲ್ವೇನೋ ನಂಗೆ?"

"ಸೋಲೋಕೆ ಹೋಗೋರಿಗೆ ಒಗೆದ ಬಟ್ಟೆ ಬೇರೆ ಕೇಡು," ಎಂದಳು ಹೆಂಡತಿ ಒಳಗಿಂದ.

ಕೋಚಿಗೆ ಇದನ್ನು ಹೇಳಲಿಲ್ಲ. ಹೇಳಿದ್ದರೆ ಸ್ಟಿಕ್ಕಿನಲ್ಲೇ ಬಾರಿಸುತ್ತಿದ್ದರು.

ಪಂದ್ಯದ ಹತ್ತನೇ ನಿಮಿಷದಲ್ಲಿ ಚೆಂಡು ನಮ್ಮ ನಾಯಕನ ಸ್ಟಿಕ್ಕಿಗೆ ಬಂತು. ಇಬ್ಬರನ್ನು ದಾಟಿ, ಮೂಲೆಗೆ ತಳ್ಳಿ ಗೋಲು ಹೊಡೆದ. ಆಮೇಲೆ ತಲೆಯ ಮೇಲೆ ಕೈಯಿಟ್ಟುಕೊಂಡ. ಬಿಡುವಿನಲ್ಲಿ ಅವನನ್ನು ಮೂಲೆಗೆ ಎಳೆದೆ.

"ಗೊತ್ತಾಗ್ಲಿಲ್ಲ ಭಾವ. ಕೈ ತಾನಾಗೇ ಹೊಡೀತು."

"ಕೈ ಮೇಲೆ ಹಿಡಿತ ಇಲ್ದೋನು ನಾಯಕನಂತೆ, ಥೂ!"

ಬಿಸ್ಕತ್ತಿನವರೋ, ನಾನು ಸರಿದು ದಾರಿ ಬಿಟ್ಟರೂ ಕಂಬಕ್ಕೆ ಹೊಡೆದರು. ಕೊನೆಯ ನಿಮಿಷದಲ್ಲಿ ಅವರಿಗೊಂದು ಪೆನಾಲ್ಟಿ ಕಾರ್ನರ್ ಸಿಕ್ಕಿತು. ಅದು ಒಳಗೆ ಹೋದರೆ ಒಂದು-ಒಂದು; ಪಂದ್ಯ ಸಮ, ಕೋಚ್ ಉಳಿದರು. ನಾನು ಮಾಡಬೇಕಾದ್ದು ಸುಮ್ಮನೆ ನಿಲ್ಲುವುದಷ್ಟೆ. ಕಾರ್ಖಾನೆಯಲ್ಲಿ ಅದು ನನಗೆ ಚೆನ್ನಾಗಿಯೇ ಬರುತ್ತದೆ.

ಚೆಂಡು ಎಡಗಡೆಗೆ ಬಂತು. ಬಿಡಬೇಕು ಅಂದುಕೊಂಡೆ. ಅಂದುಕೊಳ್ಳುವಷ್ಟರಲ್ಲಿ ಕಾಲು ಹೋಗಿತ್ತು. ಪ್ಯಾಡಿಗೆ ಧಪ್ಪೆಂದು ಬಡಿದು ಚೆಂಡು ಹೊರಗೆ ಹಾರಿತು. ಗೆದ್ದ ಹನ್ನೊಂದು ಜನರೂ ಸಾವಿನ ಮನೆಯಲ್ಲಿ ನಿಂತವರ ಹಾಗೆ ನಿಂತೆವು.

ಮ್ಯಾನೇಜರ್ ಕಾಗದ ಹಿಡಿದುಕೊಂಡು ಬಂದ.

"ಕೊನೇ ಚೆಂಡು ತಡೆಯೋಕೆ ನಿಂಗೆ ಯಾರಾದ್ರೂ ಹೇಳಿದ್ರಾ?"

"ಇಲ್ಲ ಸಾರ್."

'ಕೋಚ್ ಪ್ರಭಾವ: ಸೊನ್ನೆ' ಎಂದು ಬರೆದುಕೊಂಡ.

"ಹಾಗಲ್ಲ ಸಾರ್, ಆ ಕಾಲು..."

"ಕಾಲು ನಿಂದೇ ಅಲ್ವಾ?"

ನನ್ನದೇ ಎಂದೆ.

ಗೇಟಿನ ಹೊರಗೆ ಕೋಚ್ ಒಂದು ಮರದ ಪೆಟ್ಟಿಗೆಯ ಮೇಲೆ ಮಂಡಿ ಚಾಚಿ ಕೂತಿದ್ದರು.

"ಎಷ್ಟು?"

"ಒಂದು-ಸೊನ್ನೆ. ಗೆದ್ವಿ ಸಾರ್."

"ಕೊನೇದು ಎಡಗಾಲಿಗೆ ಬಿತ್ತಲ್ವಾ? ಸದ್ದು ಕೇಳಿಸ್ತು."

"ಬಿಟ್ಬಿಡ್ಬೇಕು ಅಂತಲೇ ಇದ್ದೆ ಸಾರ್, ನಿಮಗೋಸ್ಕರ. ಹಾಳಾದ್ದು, ಕಾಲು ನನ್ನ ಮಾತು ಕೇಳ್ಲಿಲ್ಲ." ನನಗೆ ಅಳುವೇ ಬಂತು.

ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ನನ್ನ ಮುಖವನ್ನೂ ನೋಡಲಿಲ್ಲ. ನನ್ನ ಎಡಗಾಲನ್ನೇ ತುಂಬ ಹೊತ್ತು ನೋಡಿದರು. ಆಮೇಲೆ ಗೋಡೆ ಹಿಡಿದು ಮೆಲ್ಲಗೆ ಎದ್ದರು.

"ಪ್ಯಾಕಿಂಗ್ ಏಳು ಗಂಟೆಗೆ ಶುರುವಂತೆ. ನೀನು ಐದೂವರೆಗೆ ಬಾ. ಬಲಗಾಲು ಇನ್ನೂ ಯೋಚನೆ ಮಾಡುತ್ತೆ."